ನಮ್ಮೂರ ಪದವು: ಗಿಡ ನೆಟ್ಟು ಕೆಟ್ಟ ಮೇಲೆ ಕಲಿತದ್ದು

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. 2017ರ ಜುಲೈಯಲ್ಲಿ ನಮ್ಮೂರ ಪದವಿನ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲಿನ, ಒಂದು ಮೂಲೆಯಲ್ಲಿ 80 ಗಿಡ ನೆಟ್ಟೆವು. ಯುವಕರ ತಂಡ, ಶಾಲೆ ಮಕ್ಕಳು, ಬ್ಯಾನರು, ಕೊನೆಗೆ ಎಲ್ಲರಿಗೂ ಬೆಲ್ಲ ಅವಲಕ್ಕಿ. ಹೊಂಗೆ, ನೇರಳೆ, ಮಹಾಗನಿ ಸಸಿಗಳು. ಪದವಿನಲ್ಲಿ ಹಾರೆ ಇಳಿಯುವುದಿಲ್ಲ ಅಂತ ಜೆಸಿಬಿ ತರಿಸಿ ಹೊಂಡ ಒಡೆಸಿದೆವು, ಎಲ್ಲಿಂದಲೋ ಎರಡು ಲೋಡು ಮಣ್ಣು ತಂದು ತುಂಬಿಸಿದೆವು. ಫೋಟೋದಲ್ಲಿ ನಾನೇ ನಡುವೆ ನಿಂತಿದ್ದೇನೆ. ಆ ಫೋಟೋ ಈಗ ಯಾರಾದರೂ ತೋರಿಸಿದರೆ ಮಾತು ಬದಲಿಸುತ್ತೇನೆ.

ಘಟ್ಟದ ಮೇಲಿನವರಿಗೆ ಪದವು ಅಂದರೆ ಏನೆಂದು ಹೇಳಬೇಕು. ನಾನಿರುವುದು ವಿಟ್ಲದ ಆಚೆ, ಕಾಸರಗೋಡಿನ ಗಡಿ ಹತ್ತಿರ. ತೋಟ, ಗದ್ದೆ ಎಲ್ಲ ಕೆಳಗೆ ತಗ್ಗಿನಲ್ಲಿ. ಗುಡ್ಡ ಹತ್ತಿದರೆ ಮೇಲೆ ಚೂಪಾದ ತುದಿ ಇಲ್ಲ, ಮೇಜಿನ ಹಾಗೆ ಚಪ್ಪಟೆ. ಎಲ್ಲ ಮುರಕಲ್ಲು, ಅಂದರೆ ನಮ್ಮ ಮನೆಗಳ ಗೋಡೆಗೆ ಕಡಿದು ತರುವ ಅದೇ ಕೆಂಪು ಕಲ್ಲು. ಬುಕನನ್ ಅನ್ನುವ ಇಂಗ್ಲಿಷಿನವರ ಕಾಲದ ಡಾಕ್ಟರು ಈ ಕಡೆಯಲ್ಲೆಲ್ಲ ಸುತ್ತಾಡಿ, 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಅನ್ನುವ ಪದದಿಂದ ಬಂದದ್ದಂತೆ. ಮಂಗಳೂರಿನ ಪದವಿನಂಗಡಿ, ನಮ್ಮ ಹತ್ತಿರದ ಬಾಯಾರು ಪದವು, ಇಂಥ ಹೆಸರು ಕೇಳಿದರೆ ಅಲ್ಲೊಂದು ಪದವು ಇತ್ತು ಅಂತ ಗೊತ್ತಾಗುತ್ತದೆ. ಮಣಿಪಾಲವೂ ಅಂಥದ್ದೇ ಕಲ್ಲಿನ ಮೇಲೆ ಕೂತಿದೆ.

ಬೇಸಿಗೆಯಲ್ಲಿ ಹೋದರೆ ಯಾರಿಗಾದರೂ ಇದು ಬೋಳು ಜಾಗ ಅಂತಲೇ ಅನಿಸುತ್ತದೆ. ಕಾದ ಕಲ್ಲು, ಒಣಗಿದ ಮುಳಿಹುಲ್ಲು, ಅಂಚಿನಲ್ಲಿ ನಾಲ್ಕು ಕುಂಟಾಲದ ಪೊದೆ, ಕೇಪುಳ. ದಾಖಲೆಯಲ್ಲಿ ಸರ್ಕಾರಿ ಪರಂಬೋಕು. ಹಾಗಾಗಿ ಕಲ್ಲಿನ ಕೋರೆ ಮಾಡುವವನಿಗೆ ಕೋರೆ ಕಾಣುತ್ತದೆ, ಲೇಔಟ್ ಮಾಡುವವನಿಗೆ ಸೈಟು ಕಾಣುತ್ತದೆ, ನನ್ನಂಥ ಪರಿಸರಪ್ರೇಮಿಗೆ ಗಿಡ ನೆಡುವ ಜಾಗ ಕಾಣುತ್ತದೆ. ಮೂರರಲ್ಲಿ ಯಾವುದೂ ಪದವಿಗೆ ಒಳ್ಳೆಯದಲ್ಲ.

ತಪ್ಪು ಮೊದಲು ಕಂಡದ್ದು ಅಮ್ಮನಿಗೆ. ನಮ್ಮಲ್ಲಿ ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ದಿನಾ ಹೊಸ್ತಿಲಿಗೆ ಹೂವಿಟ್ಟು ಪೂಜೆ ಮಾಡುವ ಕ್ರಮ. ಪೇಟೆಯ ಹೂವಲ್ಲ, ಗುಡ್ಡೆಯಲ್ಲಿ ಆದ ಹೂವು. 2018ರಲ್ಲಿ ಅಮ್ಮ ಬುಟ್ಟಿ ಅರ್ಧ ಖಾಲಿ ಇಟ್ಟುಕೊಂಡು ಇಳಿದು ಬಂದರು. "ನೀವು ಮಣ್ಣು ಹಾಕಿದ ಕಡೆ ಒಂದು ಹೂವಿಲ್ಲ ಮಾರಾಯ" ಅಂದರು. ಬೈಯಲೂ ಇಲ್ಲ, ಸುಮ್ನೆ ಹೇಳಿ ಒಳಗೆ ಹೋದರು. ನಾನು ಮರುದಿನ ಹೋಗಿ ನೋಡಿದೆ. ಹೊಂಡಗಳ ಸುತ್ತ ನಾವು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಎದೆಮಟ್ಟ ಎದ್ದಿತ್ತು, ನಡುನಡುವೆ ಪಾರ್ಥೇನಿಯಂ. ಅದರ ಬೀಜ ನಾವು ತಂದ ಮಣ್ಣಿನಲ್ಲೇ ಇತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ನಾವು ಮುಟ್ಟದ ಕಲ್ಲಿನ ಮೇಲೆ, ನೀಲಿ ಬಣ್ಣ ಚೆಲ್ಲಿದ ಹಾಗೆ ಹೂವು ತುಂಬಿತ್ತು.

ಐವತ್ತು ವರ್ಷ ಅದೇ ಊರಿನಲ್ಲಿದ್ದು ಆ ಹೂವನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ಸಸ್ಯಶಾಸ್ತ್ರ ಪಾಠ ಮಾಡುವ ಗೆಳೆಯನೊಬ್ಬನಿದ್ದಾನೆ, ಅವನನ್ನು ಕರೆದೆ. ಬಂದವನು ನಿಂತು ನೋಡಲಿಲ್ಲ, ಒದ್ದೆ ಕಲ್ಲಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿಬಿಟ್ಟ. ನನ್ನನ್ನೂ ಮಲಗಿಸಿದ. ಕೈಗೆ ಒಂದು ಪುಟ್ಟ ಮಸೂರ ಕೊಟ್ಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು.

ಆ ನೀಲಿ ಹೂವು ಯುಟ್ರಿಕ್ಯುಲೇರಿಯ. ಗಡಿಯ ಆಚೆ ಮಲಯಾಳದಲ್ಲಿ ಕಾಕ್ಕಪ್ಪೂ ಅನ್ನುತ್ತಾರೆ, ಓಣಂ ರಂಗೋಲಿಗೆ ಬೇಕೇ ಬೇಕು. ದಂಟು ನೂಲಿನಷ್ಟು ತೆಳ್ಳಗೆ, ಹೂವು ಕಿರುಬೆರಳಿನ ಉಗುರಿನಷ್ಟು. ಮೇಲೆ ನೋಡಿದರೆ ಪಾಪದ್ದು. ಗೆಳೆಯ ಒಂದನ್ನು ಕೆಸರು ಸಮೇತ ಎತ್ತಿ ಅಂಗೈಯಲ್ಲಿ ನೀರು ಹಾಕಿ ತೊಳೆದ. ಬುಡದಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕ ಚೀಲಗಳು. ಒಂದೊಂದಕ್ಕೂ ಒಂದು ಬಾಗಿಲು. ನೀರಿನಲ್ಲಿ ಓಡಾಡುವ ಸೂಕ್ಷ್ಮ ಜೀವಿ ಬಾಗಿಲ ರೋಮಕ್ಕೆ ತಾಗಿದರೆ ಸಾಕು, ಚೀಲ ಅದನ್ನು ನೀರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ, ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ. ಪಕ್ಕದಲ್ಲೇ ಡ್ರೋಸೆರಾ, ಎಲೆ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲಿ ಅಂಟಿನ ಹನಿ. ಒಂದು ಸಣ್ಣ ನೊಣ ಅಂಟಿಕೊಂಡು ಒಂದು ರೆಕ್ಕೆ ಮಾತ್ರ ಆಡಿಸುತ್ತಿತ್ತು. ಈ ಕಲ್ಲಿನ ಮೇಲಿನ ಮಣ್ಣು ಎರಡು ಬೆರಳು ದಪ್ಪ ಇಲ್ಲ, ಅದರಲ್ಲಿ ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಈ ಗಿಡಗಳು ಹುಳ ಹಿಡಿದು ತಿನ್ನುತ್ತವೆ. ನಾವು ಹೋಗಿ ಅಲ್ಲಿ ಮಣ್ಣು ಗೊಬ್ಬರ ಸುರಿದದ್ದು! ಬಡತನದಲ್ಲೇ ಬದುಕಲು ಕಲಿತವರ ಮನೆಗೆ ಜೋರಿನ ನೆಂಟರನ್ನು ಕರೆತಂದು ಕೂರಿಸಿದ ಹಾಗಾಯಿತು, ಬಂದವರು ಮನೆಯವರನ್ನೇ ಹೊರಗೆ ಹಾಕಿದರು.

ಆಮೇಲೆ ಮಾಡಿದ ಮೊದಲ ಕೆಲಸ, ಬದುಕಿದ್ದ ಗಿಡಗಳನ್ನು ಎತ್ತಿದ್ದು. ನೆಟ್ಟ 80ರಲ್ಲಿ 31 ಉಳಿದಿದ್ದವು. ಪಂಚಾಯಿತಿಗೆ ಬರೆದುಕೊಟ್ಟು, ಮುಂದಿನ ಮಳೆಗೆ ಅವನ್ನು ಕೆಳಗಿನ ರಸ್ತೆ ಬದಿಗೂ ಶಾಲೆ ಹಿಂದೆಯೂ ನೆಟ್ಟೆವು. ಗಿಡ ನೆಟ್ಟವನೇ ಗಿಡ ಕೀಳುತ್ತಾನೆ ಅಂತ ಊರಿನಲ್ಲಿ ಒಳ್ಳೆ ತಮಾಷೆ ಆಯಿತು. ಕಮ್ಯುನಿಸ್ಟ್ ಗಿಡ ಕೀಳುವುದು ಮಾತ್ರ ತಮಾಷೆಯಾಗಿರಲಿಲ್ಲ. ಕತ್ತಿಯಲ್ಲಿ ಸವರಿದರೆ ಬುಡದಿಂದ ಮತ್ತೆ ನಾಲ್ಕು ಚಿಗುರುತ್ತದೆ. ಜೂನ್‌ನಲ್ಲಿ ಎರಡು ಮಳೆ ಬಿದ್ದು ಬೇರು ಸಡಿಲವಾದಾಗ ಕೈಯಲ್ಲಿ ಎಳೆಯಬೇಕು, ಹೂ ಬಿಡುವ ಮೊದಲು ಇನ್ನೊಂದು ಸುತ್ತು ಹೋಗಬೇಕು. ಮೂರು ವರ್ಷ ಹಾಗೆ ಮಾಡಿದೆವು. ಹೊಂಡದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಇಳಿಸಿದೆವು. ಒಡೆದ ಕಲ್ಲನ್ನು ಮತ್ತೆ ಕೂಡಿಸಲು ಆಗಲಿಲ್ಲ. ಆ ಹೊಂಡಗಳಲ್ಲಿ ಇವತ್ತಿಗೂ ನೀಲಿ ಹೂವಿಲ್ಲ, ಸುತ್ತಲಿನ ಕಲ್ಲಿಗೆ ಮಾತ್ರ ವಾಪಸ್ ಬಂದಿದೆ.

ಪದವಿನ ಇನ್ನೊಂದು ತುದಿಯಲ್ಲಿ ಹಳೆಯ ಅಕೇಶಿಯಾ ತೋಪಿದೆ. ಕರಾವಳಿಯ ಬೋಳು ಗುಡ್ಡಗಳಲ್ಲೆಲ್ಲ ಒಂದು ಕಾಲದಲ್ಲಿ ಹಸಿರು ಮಾಡುತ್ತೇವೆಂದು ನೆಟ್ಟ ಆಸ್ಟ್ರೇಲಿಯಾದ ಮರ. ಅದರಡಿ ಎಲೆ ಬಿದ್ದು ಬಿದ್ದು ಚಾಪೆ ಹಾಸಿದ ಹಾಗಿದೆ, ಬೇಗ ಕೊಳೆಯುವುದೇ ಇಲ್ಲ. ಅಲ್ಲಿ ಏನೂ ಹುಟ್ಟುವುದಿಲ್ಲ. ಗಿಡ ನೆಡುತ್ತೇವೆ ಅಂತ ಯಾರೇ ಬಂದರೂ ನಾನು ಮೊದಲು ಅವರನ್ನು ಅಲ್ಲಿ ನಿಲ್ಲಿಸುತ್ತೇನೆ, ಆಮೇಲೆ ನೀಲಿ ಹೂವಿನ ಹತ್ತಿರ ಕರೆತರುತ್ತೇನೆ. ಭಾಷಣಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಈಗ ನನ್ನ ಕ್ರಮ ಇಷ್ಟೇ. ಭಾನುವಾರ ಬೆಳಿಗ್ಗೆ ಆರೂವರೆಗೆ ಮೇಲೆ ಹೋಗುತ್ತೇನೆ, ಒಂದೇ ದಾರಿಯಲ್ಲಿ, ಕಲ್ಲಿನ ಮೇಲೆಯೇ ಕಾಲಿಟ್ಟು. ಕಂಡ ಹಕ್ಕಿಗಳನ್ನು ಇ-ಬರ್ಡ್‌ಗೆ ಹಾಕುತ್ತೇನೆ, ಹೂವಿನ ಫೋಟೋ ಐ-ನ್ಯಾಚುರಲಿಸ್ಟ್‌ಗೆ. ಎರಡೂ ಕಂಡದ್ದನ್ನು ದಾಖಲಿಸುವ ಆಪ್‌ಗಳು. ಐ-ನ್ಯಾಚುರಲಿಸ್ಟ್‌ನಲ್ಲಿ ಜಾಗ ಮುಚ್ಚಿಡುವ ಆಯ್ಕೆ ಇದೆ, ಅದನ್ನು ಬಳಸಿ. ಇದನ್ನೂ ನಾನು ಕೆಟ್ಟೇ ಕಲಿತದ್ದು. 2021ರ ಸೆಪ್ಟೆಂಬರಿನಲ್ಲಿ ಖುಷಿಗೆ ವಾಟ್ಸಾಪ್ ಸ್ಟೇಟಸ್ಸಿಗೆ ಹೂವಿನ ವಿಡಿಯೋ ಹಾಕಿ, ದಾರಿಯನ್ನೂ ಹಾಕಿದ್ದೆ. ಮುಂದಿನ ಭಾನುವಾರ ಹದಿನೈದು ಬೈಕು, ಎರಡು ಜೀಪು. ಜೀಪು ಒದ್ದೆ ನೆಲದ ಮೇಲೆ ಹೋಗಿ ಎರಡು ಗೆರೆ ಬಿತ್ತು. ಹೂವು ಸತ್ತದ್ದು ಗೆರೆಯ ಅಗಲದಷ್ಟೇ ಅಂದುಕೊಂಡೆ. ಅಲ್ಲ. ಕಲ್ಲಿನ ಮೇಲೆ ಬೆರಳು ದಪ್ಪ ನಿಂತು ನಿಧಾನ ಜಿನುಗುತ್ತಿದ್ದ ನೀರು ಆ ಗೆರೆ ಹಿಡಿದು ಸೀದಾ ಕೆಳಗೆ ಹರಿದುಹೋಯಿತು. ಮರುವರ್ಷ ಅಷ್ಟೂ ಕಡೆ ಬರೇ ಹುಲ್ಲು. ಆ ಗೆರೆಗೆ ಅಡ್ಡ ಅಲ್ಲಲ್ಲಿ ಸಣ್ಣ ಕಲ್ಲು, ಹುಲ್ಲಿನ ಹೆಂಟೆ ಇಟ್ಟು ನೀರು ತಡೆದೆವು. ಈಗ ಗದ್ದೆಯಿಂದ ಹತ್ತುವ ದಾರಿಯ ಬಾಯಿಗೆ ನಾಲ್ಕು ದೊಡ್ಡ ಮುರಕಲ್ಲು ಇಟ್ಟಿದ್ದೇವೆ. ಮನುಷ್ಯ, ದನ, ಸೈಕಲ್ ಹೋಗುತ್ತದೆ, ಜೀಪು ಹೋಗುವುದಿಲ್ಲ. ನಾವು ಮಾಡಿದ್ದರಲ್ಲಿ ಖರ್ಚಿಲ್ಲದೆ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ಹಕ್ಕಿಗಳ ಕಥೆ ಬೇಸಿಗೆಯದ್ದು. ಹೂವೆಲ್ಲ ದೀಪಾವಳಿ ಹೊತ್ತಿಗೆ ಒಣಗಿ ಬೀಜ ಉದುರಿಸಿ ಮುಗಿದಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ, ಚಪ್ಪಲಿ ಸುಡುವಷ್ಟು ಕಲ್ಲು ಕಾದಾಗ, ಹಳದಿ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗದ್ದೆ, ಕೆರೆ ಹತ್ತಿರ ಕೂಗಾಡುವ ಕೆಂಪು ಟಿಟ್ಟಿಭ ಎಲ್ಲರಿಗೂ ಗೊತ್ತು. ಇದು ಬೇರೆ, ಕಣ್ಣಿನ ಮುಂದೆ ಹಳದಿ ಚರ್ಮ, ತಲೆಗೆ ಕಪ್ಪು ಟೋಪಿ, ಉದ್ದ ಹಳದಿ ಕಾಲು. ಇದಕ್ಕೆ ಒಣ ಬಯಲೇ ಆಗಬೇಕು. ಮರ ಬಂದರೆ ಇದು ಹೋಗುತ್ತದೆ. ಗೂಡು ಅಂತ ಏನಿಲ್ಲ, ಜಲ್ಲಿಯಲ್ಲಿ ಒಂದು ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ. ಬಣ್ಣ ಎಷ್ಟು ಕಲ್ಲಿನ ಹಾಗಿದೆ ಅಂದರೆ, ನಾನು ಒಮ್ಮೆ ಗೂಡು ಕಂಡು, ನೀರಿನ ಬಾಟಲಿ ತೆಗೆಯಲು ಪಕ್ಕಕ್ಕೆ ತಿರುಗಿ ಮತ್ತೆ ನೋಡಿದರೆ ಸಿಗಲಿಲ್ಲ. ಇಟ್ಟ ಕಾಲು ಎತ್ತಲೂ ಹೆದರಿಕೆ.

ಮಧ್ಯಾಹ್ನ ದೂರದ ಕುಂಟಾಲದ ನೆರಳಿನಲ್ಲಿ ಕೂತು ದುರ್ಬೀನಿನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಒಂದು ಹಕ್ಕಿ ಎದ್ದು ಪಳ್ಳದ ಕಡೆ ಹಾರಿತು, ಪಳ್ಳ ಅಂದರೆ ಪದವಿನ ಮೇಲೆಯೇ ಇರುವ ನೀರಿನ ತಗ್ಗು, ಆಗ ಅದರಲ್ಲಿ ಉಳಿದದ್ದು ಹಾಸಿಗೆಯಷ್ಟು ಅಗಲ ಕೆಸರು ನೀರು. ಅದರಲ್ಲಿ ಹೊಟ್ಟೆ ಅದ್ದಿ ಕೂತಿತು. ಎದ್ದು ಬಂದು ಹಾಗೇ ಒದ್ದೆ ಹೊಟ್ಟೆಯಲ್ಲಿ ಮೊಟ್ಟೆ ಮೇಲೆ ಕೂತಿತು. ಮೊಟ್ಟೆ ತಂಪು ಮಾಡುವ ಕ್ರಮ ಅದು. ಒಂದು ಗಂಟೆಯಲ್ಲಿ ಮೂರು ಸಲ. ಆ ಪಳ್ಳವನ್ನು ಗೊಬ್ಬರದ ಚೀಲ ತೊಳೆಯುವುದಕ್ಕೆ, ಬೈಕು ತೊಳೆಯುವುದಕ್ಕೆ ಬಳಸುತ್ತಿದ್ದವರಿಗೆ ನಾನು ಅದರ ವಿಡಿಯೋ ತೋರಿಸಿದೆ. ಇಬ್ಬರು ನಿಲ್ಲಿಸಿದರು. ಒಬ್ಬ ಇನ್ನೂ ತೊಳೆಯುತ್ತಾನೆ, ಏನು ಮಾಡುವುದು.

ಕಷ್ಟ ಇದ್ದದ್ದು ಕ್ರಿಕೆಟ್ಟಿನದು. ಪರೀಕ್ಷೆ ಮುಗಿದು ಮಕ್ಕಳು ಪದವಿಗೆ ಬರುವ ಸಮಯ, ಟಿಟ್ಟಿಭ ಮೊಟ್ಟೆ ಇಡುವ ಸಮಯ, ಎರಡೂ ಒಂದೇ. 1972ರ ವನ್ಯಜೀವಿ ಕಾನೂನಿನಲ್ಲಿ ಹಕ್ಕಿ ಮೊಟ್ಟೆ ಹಾಳು ಮಾಡುವುದೂ ಬೇಟೆಯೇ. ಆದರೆ ಹದಿಮೂರರ ಹುಡುಗನಿಗೆ ಕಾನೂನು ಹೇಳಿದರೆ ಕೇಳುತ್ತಾನಾ? ನಾನು ಮೊದಲ ವರ್ಷ ಗೂಡಿನ ಸುತ್ತ ಕಲ್ಲಿಗೆ ಸುಣ್ಣ ಬಳಿದು ಗುರುತು ಮಾಡಿದೆ. ಮೂರನೇ ದಿನ ಮೊಟ್ಟೆ ಇರಲಿಲ್ಲ. ಬಿಳಿ ಕಲ್ಲು ನೋಡಿ ಮೊದಲು ಬಂದದ್ದು ಕಾಗೆಗಳು. ಹಾಗಾಗಿ ಗೂಡಿನ ಹತ್ತಿರ ಏನೂ ಮಾಡಬೇಡಿ. ಹಕ್ಕಿ ಎದ್ದು ಕೂಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ, ಬಂದ ದಾರಿಯಲ್ಲೇ ಹಿಂದೆ ಹೋಗಿ.

ಎರಡನೇ ವರ್ಷ ಹುಡುಗರನ್ನೇ ಕರೆದು ದುರ್ಬೀನು ಕೈಗೆ ಕೊಟ್ಟೆ, ಮೊಟ್ಟೆ ಎಲ್ಲಿದೆ ನೀವೇ ಹುಡುಕಿ, ಹತ್ತಿರ ಹೋಗದೆ ಅಂತ ಪಂದ್ಯ ಕಟ್ಟಿದೆ. ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ನಿಯಮ ಮಾಡಿದ್ದು ಅವರೇ: ಗೂಡಿನ ಕಡೆ ಚೆಂಡು ಹೋದರೆ ಬ್ಯಾಟ್ಸ್‌ಮನ್ ಔಟ್, ಸಿಕ್ಸ್ ಹೊಡೆದರೂ ಔಟ್. ಚೆಂಡು ತರಲು ಒಬ್ಬನೇ ಹೋಗಬೇಕು, ಅದೂ ಹಕ್ಕಿ ತಾನಾಗಿ ಎದ್ದಾಗ. ಸುಮಾರು ನಾಲ್ಕು ವಾರ ಹಾಗೆ ಆಡಿದರು. ಮರಿಗಳು ಮೊಟ್ಟೆಯಿಂದ ಬಂದ ದಿನವೇ ಓಡಾಡುತ್ತವೆ, ಕೋಳಿಮರಿಯ ಹಾಗೆ. ಮೂರು ಮರಿ ಆದವು. ಅವುಗಳಿಗೆ ಹೆಸರೂ ಇಟ್ಟರು, ಎಲ್ಲ ಕ್ರಿಕೆಟಿಗರದ್ದೇ.

ಪಂಚಾಯಿತಿಯದು ನಿಧಾನದ ಕೆಲಸ. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲಾತಿ ಇರಬೇಕು. ನಾವು ಹೂವು, ಹಕ್ಕಿ ಪಟ್ಟಿ ಕೊಟ್ಟೆವು. ಸಭೆಯಲ್ಲಿ ಯಾರೂ ಹೂವಿನ ಬಗ್ಗೆ ಕೇಳಲಿಲ್ಲ. ಕೇಳಿದ್ದು ನೀರಿನ ಬಗ್ಗೆ. ಪದವಿನ ಮೇಲೆ ನಿಂತ ಮಳೆ ನೀರು ಕಲ್ಲಿನ ಬಿರುಕುಗಳಲ್ಲಿ ಇಂಗಿ ಕೆಳಗಿನ ಬಾವಿಗೆ, ಸುರಂಗಕ್ಕೆ ಬರುತ್ತದೆ. ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಆ ಸುರಂಗಗಳ ನೀರಿನಲ್ಲೇ ಎಷ್ಟೋ ತೋಟ ಬದುಕಿವೆ. ಮೇಲೆ ಕೋರೆ ಮಾಡಿದರೆ ಕೆಳಗೆ ಸುರಂಗ ಬತ್ತುತ್ತದೆ ಅಂತ ಒಬ್ಬ ಅಜ್ಜ ಎದ್ದು ಹೇಳಿದ ಮೇಲೆಯೇ ಸಭೆ ನಮ್ಮ ಅರ್ಜಿಯನ್ನು ಪುಸ್ತಕಕ್ಕೆ ಬರೆಸಿತು. ಹೂವಿನ ಹೆಸರಿನಲ್ಲಿ ಆಗದ ಕೆಲಸ ನೀರಿನ ಹೆಸರಿನಲ್ಲಿ ಆಯಿತು. ನನಗೆ ಬೇಸರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಊರಿನಲ್ಲಿ ಇನ್ನೂ ಜಗಳ ಇದೆ, ಮುಳಿಹುಲ್ಲಿನದು. ಮುಳಿ ಹೊದೆಸಿದ ಮಾಡು ಇದ್ದ ಕಾಲದಲ್ಲಿ ಎಲ್ಲರೂ ಹುಲ್ಲು ಕೊಯ್ದು ಒಯ್ಯುತ್ತಿದ್ದರು, ಪದವು ತೆರೆದೇ ಇರುತ್ತಿತ್ತು. ಈಗ ಕೊಯ್ಯುವವರಿಲ್ಲ, ಫೆಬ್ರವರಿಯಲ್ಲಿ ಯಾರೋ ಬೆಂಕಿ ಕೊಡುತ್ತಾರೆ. ನಾನು ದೀಪಾವಳಿ ಕಳೆದು, ಬೀಜ ಉದುರಿದ ಮೇಲೆ ಅರ್ಧ ಭಾಗ ಕೊಯ್ಸಿ ಅಡಿಕೆ ಬುಡಕ್ಕೆ ಹಾಕುತ್ತೇನೆ, ಇನ್ನರ್ಧ ಹಾಗೇ ಬಿಡುತ್ತೇನೆ, ಅದರೊಳಗೆ ಬುರ್ಲಿ ಹಕ್ಕಿಗಳು ಇರುತ್ತವೆ. ಪೂರ್ತಿ ಕೊಯ್ಯಬೇಕು ಅನ್ನುವವರಿದ್ದಾರೆ, ಮುಟ್ಟಲೇಬಾರದು ಅನ್ನುವವರೂ ಇದ್ದಾರೆ. ಸದ್ಯ ಅರ್ಧ ಅರ್ಧ.

ಅಮ್ಮ ಈಗ ಮೇಲೆ ಹತ್ತುವುದಿಲ್ಲ, ಮೊಣಕಾಲು ನೋವು. ಸೋಣ ತಿಂಗಳಲ್ಲಿ ನಾನೇ ಬುಟ್ಟಿ ಹಿಡಿದು ಹೋಗುತ್ತೇನೆ. ಜಾಸ್ತಿ ತರಬೇಡ, ಹೊಸ್ತಿಲಿನ ಎರಡು ಬದಿಗೆ ಒಂದೊಂದು ಹಿಡಿ ಸಾಕು ಅನ್ನುತ್ತಾರೆ. ಕೇಪುಳ, ತುಂಬೆ ತರುತ್ತೇನೆ. ನೀಲಿಯದ್ದು ಕೊಯ್ಯುವುದಿಲ್ಲ, ಮೊಬೈಲಿನಲ್ಲಿ ತಂದು ತೋರಿಸುತ್ತೇನೆ. ಕನ್ನಡಕ ಹಾಕಿಕೊಂಡು ನೋಡಿ, ಹೋದ ವರ್ಷದಷ್ಟು ಇಲ್ಲ ಅನ್ನುತ್ತಾರೆ, ಪ್ರತಿ ವರ್ಷವೂ.