ಕಬ್ಬು ದಾಟಿಸೋದು ಬಿಟ್ಟು ಬೆಲ್ಲ ದಾಟಿಸಿದೆ

ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆ ಮೇಲೆ ನಮ್ಮದು ನಾಲ್ಕು ಎಕರೆ. ಕಬ್ಬು ಬೆಳೆಯೋದನ್ನ ನಮಗೆ ಯಾರೂ ಕಲಿಸಬೇಕಿಲ್ಲ, ಕೋ 86032 ತಳಿ ಎಕರೆಗೆ ನಲವತ್ತೈದು ಟನ್ ಬಂದೇ ಬರುತ್ತದೆ. ತ್ರಾಸ ಇರೋದು ಹೊಳೆ ದಾಟೋದರಲ್ಲಿ. ಆಲಮಟ್ಟಿ ಜಲಾಶಯ 519.6 ಮೀಟರ್ ತುಂಬಿತೆಂದರೆ ಹಿನ್ನೀರು ಸುತ್ತುಗಟ್ಟುತ್ತದೆ, ಅದು ಇಳಿಯೋ ಮೊದಲೇ ಕಾರ್ಖಾನೆ ಹಂಗಾಮು ಶುರುವಾಗುತ್ತದೆ. ಬೋಟಿಗೆ ಹೇರಿ, ಆಚೆ ದಡದಲ್ಲಿ ಇಳಿಸಿ, ಮತ್ತೆ ಟ್ರೇಲರ್‌ಗೆ ಏರಿಸೋದರಲ್ಲೇ ಟನ್ನಿಗೆ ಆರೇಳು ನೂರು ಹೋಗುತ್ತಿತ್ತು. ದಡದಲ್ಲಿ ಬಿದ್ದು ಒಣಗಿದ ತೂಕದ ಲುಕ್ಸಾನು ಬೇರೆ. ಬ್ಯಾರಲ್ ಕಟ್ಟಿ ತೆಪ್ಪ ಮಾಡಿದೆವು. ಗಾಳಿ ಎದ್ದ ದಿನ ಒಂದು ಹೇರು ಹೊಳೆಪಾಲಾಯಿತು. 2019ರ ಆಗಸ್ಟ್ ಮಹಾಪೂರದಲ್ಲಂತೂ ನಿಂತ ಬೆಳೆಯೇ ಕೊಳೆಯಿತು.

ಹತ್ತು ಟನ್ ಕಬ್ಬಿಗೆ ಒಂದು ಟನ್ನಿಗಿಂತ ತುಸು ಹೆಚ್ಚು ಬೆಲ್ಲ. ಹಾಗಿದ್ದರೆ ಗಾಣವನ್ನೇ ಈಚೆ ತರೋಣ ಅಂದೆ. ಕಾಕಾ ನಕ್ಕರು: "ಹೊಳಿ ನಡುವ ಗಾಣ ಹೂಡ್ತಿ? ಮಳಿಗಾಲದಾಗ ಎಲ್ಲಿ ಕಟ್ಟಿಡ್ತಿ ಅದನ್ನ?" 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಬ್ಯಾರೇಜ್ ಕಟ್ಟಿದ ತಾಲ್ಲೂಕಿನವರು ಆಡೋ ಮಾತೇ ಇದು! ಹಳೇ ಗಾಣ, ಡೀಸೆಲ್ ಎಂಜಿನ್, ಕೊಪ್ಪರಿಗೆ, ಶೆಡ್ಡು ಸೇರಿ ಮೂರೂವರೆ ಲಕ್ಷದ ಹತ್ತಿರ ಆಯಿತು. ಎಲ್ಲ ಬಿಚ್ಚಿ ಬೋಟಿನಲ್ಲೇ ತಂದೆವು. ಜೂನ್ ಬಂತೆಂದರೆ ಎಂಜಿನ್ ಆಚೆ ದಡಕ್ಕೆ ಹೋಗುತ್ತದೆ.

ಮೊದಲ ಹಂಗಾಮು ಮೈಮೇಲೆ ಬಂತು. ಹೊಳೆಯ ಇಬ್ಬನಿಗೆ ಬೆಲ್ಲದ ಪೆಂಟಿ (ಗಟ್ಟಿ ಉಂಡೆ) ನೀರು ಬಿಟ್ಟವು. ಮಹಾಲಿಂಗಪುರ ಪೇಟೆಯಲ್ಲಿ ದಲಾಲ ಹೆಬ್ಬೆರಳು ಒತ್ತಿದ, ಗುರುತು ಹಾಗೇ ಉಳಿಯಿತು. ಕ್ವಿಂಟಲಿಗೆ ಸಾವಿರ ಇಳಿಸಿಯೇ ಬಿಟ್ಟ. ಆಮೇಲೆ ಎರಡು ಬದಲು ಮಾಡಿದೆ. ಒಲೆಯ ಹೊಗೆಗೂಡಿನ ಪಕ್ಕ ಅಟ್ಟ ಕಟ್ಟಿ ಪೆಂಟಿ ಅಲ್ಲಿ ಇಟ್ಟೆ, ರಾತ್ರಿಯೆಲ್ಲ ಬೆಚ್ಚಗಿರುತ್ತವೆ. ತಗ್ಗಿನ ಸವಳು ಪಟ್ಟಿಯ ಕಬ್ಬನ್ನು ಗಾಣಕ್ಕೆ ಹಾಕೋದೇ ಬಿಟ್ಟೆ. ಅದರ ಬೆಲ್ಲ ಎಷ್ಟು ಕುದಿಸಿದರೂ ಗಟ್ಟಿಯಾಗೋದಿಲ್ಲ, ಬಾಯಿಗೆ ಉಪ್ಪು ಹತ್ತುತ್ತದೆ. ಬೆಲ್ಲಕ್ಕೆ ಬಣ್ಣ ಬರಿಸೋ ಹೈಡ್ರೋಸ್ ರಾಸಾಯನಿಕ ಮುಟ್ಟೋದಿಲ್ಲ, ಕುದಿಯೋ ರಸದ ಮಡ್ಡಿ ತೆಗೆಯೋಕೆ ಬೆಂಡಿ ಗಿಡದ ಲೋಳೆ ಸಾಕು. ಯಾವ ಕುದಿಗೆ ಹಾಕಬೇಕು, ಸುಣ್ಣ ಎಷ್ಟು ಅನ್ನೋದನ್ನ ಮಾತ್ರ ಬರೆಯೋದಿಲ್ಲ, ಬೇಕಾದವರು ಬಂದು ನಾಲ್ಕು ದಿನ ಒಲೆ ಮುಂದೆ ಕೂಡಲಿ.

ನಡುವೆ ಶುಂಠಿ, ಏಲಕ್ಕಿ ಹಾಕಿ ಸಣ್ಣ ಅಚ್ಚು ಮಾಡಿದೆ. ಬಾಯಿಗೆ ಚಲೋ, ಆದರೆ ಡಬ್ಬಿ ಖರ್ಚೇ ಲಾಭ ತಿಂದಿತು. ಒಲೆಯ ಬೂದಿ ಬಾಳೆಗೆ ಹಾಕಿದ್ದು ಮಾತ್ರ ಭಲೇ ಫಲ ಕೊಟ್ಟಿತು.

ಈಗ ಕೂಲಿ, ಡೀಸೆಲ್, ಬೋಟು ಎಲ್ಲ ಕಳೆದು ಕಬ್ಬಿನ ಟನ್ನಿಗೆ ಮೂರು ಸಾವಿರದ ಆಸುಪಾಸು ಕೈಗೆ ಉಳಿಯುತ್ತದೆ. ಕಾರ್ಖಾನೆಗೆ ಹಾಕುವಾಗ ಎರಡು ಸಾವಿರ ಮುಟ್ಟುತ್ತಿರಲಿಲ್ಲ. ಈ ಹಂಗಾಮಿಗೆ ಕಾಕಾನ ಕಬ್ಬೂ ನನ್ನ ಗಾಣಕ್ಕೆ ಪಾಳಿ ಹಚ್ಚಿದೆ. ಗಾಣದ ಕೂಲಿ ಎಲ್ಲರಿಗೂ ಒಂದೇ, ಮುಂಗಡ ಕೊಟ್ಟವರ ಕಬ್ಬು ಮೊದಲು.