ಹತ್ತು ಶನಿವಾರ, ಒಂದೇ ಬೀದಿ: ಊರು ಕಟ್ಟುವ ಕೆಲಸಗಳನ್ನು ಮಕ್ಕಳಿಗೆ ತೋರಿಸುವ ಬಗೆ

ನಾನು 22 ವರ್ಷ ರಸ್ತೆ, ಕೂಡುರಸ್ತೆಗಳ ನಕ್ಷೆ ಬರೆದವಳು. ಆರು ವರ್ಷಗಳಿಂದ ಆರು, ಏಳು, ಎಂಟನೇ ತರಗತಿಯ ಮಕ್ಕಳ ಜೊತೆ ಶನಿವಾರಗಳನ್ನು ಕಳೆಯುತ್ತಿದ್ದೇನೆ. ನಗರ ಕಟ್ಟುವುದರಲ್ಲಿ ಎಷ್ಟು ಬಗೆಯ ಕೆಲಸಗಳಿವೆ ಎಂದು ಅವರಿಗೆ ಕಾಣಿಸಬೇಕೆಂಬುದು ನನ್ನ ಆಸೆ. ಮೊದಲ ವರ್ಷ ದಾರಿ ತಪ್ಪಿದೆ. ಸಿವಿಲ್ ಎಂಜಿನಿಯರ್, ಆರ್ಕಿಟೆಕ್ಟ್, ನಗರ ಯೋಜಕರು, ಸರ್ವೆಯರ್ ಎಂದು ದೊಡ್ಡ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮಕ್ಕಳು ಅಚ್ಚುಕಟ್ಟಾಗಿ ಇಳಿಸಿಕೊಂಡರು. ಮೂರು ವಾರ ಬಿಟ್ಟು ಕೇಳಿದರೆ ಆರ್ಕಿಟೆಕ್ಟ್ ಮನೆ ಕಟ್ಟುತ್ತಾರೆ, ಎಂಜಿನಿಯರ್ ಸೇತುವೆ ಕಟ್ಟುತ್ತಾರೆ, ಅಷ್ಟೇ.

ಎರಡನೇ ವರ್ಷ ಪಟ್ಟಿಯನ್ನು ಕಿತ್ತು ಹಾಕಿ ಮಕ್ಕಳನ್ನು ಶಾಲೆಯ ಎದುರಿನ ಬೀದಿಗೆ ಕರೆದುಕೊಂಡು ಹೋದೆ. ಆಗ ನನಗೆ ಗೊತ್ತಾಯಿತು, ಈ ವಯಸ್ಸಿನ ಮಗುವಿಗೆ ಕೆಲಸದ ಹೆಸರನ್ನು ಮೊದಲು ಕೊಡಬಾರದು. ಕೆಲಸವನ್ನೇ ಕೈಗೆ ಕೊಡಬೇಕು. ಯಾವುದನ್ನು ಅದು ಬಿಡಲೊಲ್ಲದೋ ಅದನ್ನು ಗುರುತಿಟ್ಟುಕೊಂಡು, ಹೆಸರನ್ನು ಆಮೇಲೆ ಹೇಳಬೇಕು. ಕೆಳಗಿನದೆಲ್ಲ ಶಿಕ್ಷಕರಿಗೆ, ಪೋಷಕರಿಗೆ, ಹೀಗೊಂದು ತಂಡ ನಡೆಸಬೇಕೆಂದಿರುವ ಯಾರಿಗಾದರೂ ಬರೆದದ್ದು.

ಬೀದಿ ಆರಿಸುವುದು

ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ 200 ಮೀಟರ್ ಉದ್ದದ ಬೀದಿ ಸಾಕು. ಅದರಲ್ಲಿ ಒಂದು ಕೂಡುರಸ್ತೆ, ಒಂದು ಬಸ್ ನಿಲ್ದಾಣ, ಸ್ವಲ್ಪ ಇಳಿಜಾರು ಇದ್ದರೆ ಬಹಳ ಒಳ್ಳೆಯದು. ಅಂದವಾದ ಬೀದಿಯನ್ನು ಹುಡುಕಿಕೊಂಡು ಹೋಗಬೇಡಿ. ಏನೋ ಸರಿಯಿಲ್ಲ ಎನಿಸುವ ಬೀದಿಯೇ ಹೆಚ್ಚು ಕಲಿಸುತ್ತದೆ. ಐದು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಯಾರೂ ವಾಹನ ಓಡಾಡುವ ಜಾಗಕ್ಕೆ ಇಳಿಯಕೂಡದು, ದಾರಿಹೋಕರ ಮುಖ ಕಾಣುವಂತೆ ಫೋಟೋ ತೆಗೆಯಕೂಡದು. ಈ ಮೂರು ನಿಯಮಗಳಲ್ಲಿ ನಾನು ಎಂದೂ ಸಡಿಲ ಬಿಟ್ಟಿಲ್ಲ.

ನಿಮಗಾಗಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾವ ಮಗು ಯಾವ ಪ್ರಶ್ನೆ ಕೇಳಿತು, ಎಲ್ಲಿ ಹೆಚ್ಚು ಹೊತ್ತು ನಿಂತಿತು ಎಂದು ಅದರಲ್ಲಿ ಬರೆಯುತ್ತಾ ಹೋಗಿ. ಕೊನೆಗೆ ಇಡೀ ಕೆಲಸಕ್ಕೆ ಅರ್ಥ ಬರುವುದು ಆ ಪುಸ್ತಕದಿಂದಲೇ.

ಅಳೆಯುವುದು

ಮೊದಲೆರಡು ಶನಿವಾರ ಬರೀ ಅಳತೆ. ಪ್ರತಿ ಮಗುವೂ ಹತ್ತು ಮೀಟರ್ ನಡೆದು ತನ್ನ ಹೆಜ್ಜೆಯ ಉದ್ದ ಎಷ್ಟೆಂದು ಲೆಕ್ಕ ಹಾಕಲಿ. ಆಮೇಲೆ ಬೀದಿಯನ್ನು ಹೆಜ್ಜೆಯಲ್ಲಿ ಅಳೆದು, ಅದನ್ನೇ ಟೇಪಿನಲ್ಲಿ ಮತ್ತೆ ಅಳೆಯಲಿ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಕಂಡಾಗ ಸರ್ವೆಯರ್ ಯಾಕೆ ಒಂದೇ ಗೆರೆಯನ್ನು ಎರಡು ಸಲ ಅಳೆಯುತ್ತಾರೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಪಾದಚಾರಿ ಮಾರ್ಗದಲ್ಲಿ ಕಂಬ, ಗಿಡ, ಪೆಟ್ಟಿಗೆ ಎಲ್ಲವನ್ನೂ ಬಿಟ್ಟು ನಡೆಯಲು ನಿಜವಾಗಿ ಉಳಿದಿರುವ ಅಗಲವನ್ನು ಬರೆಸಿ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾದುಹೋಗಲು ಸುಮಾರು 1.8 ಮೀಟರ್ ಬೇಕು. ಆ ಅಳತೆಯ ಒಂದು ಕೋಲು ಮಾಡಿಕೊಂಡು ಮಾರ್ಗದ ಉದ್ದಕ್ಕೂ ಅಡ್ಡಲಾಗಿ ಹಿಡಿದು ನಡೆದರೆ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೆಲ್ಲ ಬಳಪದ ಗುರುತು. ಮುಂದೆ ರ್‍ಯಾಂಪು. ಗಾಲಿಕುರ್ಚಿ ಏರಿಸುವ ಈ ಇಳಿಜಾರಿಗೆ ಹಲವು ದೇಶಗಳ ಮಾನದಂಡ 1:12, ಅಂದರೆ ಒಂದು ಸೆಂಟಿಮೀಟರ್ ಏರಲು ಹನ್ನೆರಡು ಸೆಂಟಿಮೀಟರ್ ಉದ್ದ. ಅಂಚುಕಲ್ಲು 15 ಸೆಂಟಿಮೀಟರ್ ಎತ್ತರವಿದ್ದರೆ ರ್‍ಯಾಂಪು 1.8 ಮೀಟರ್ ಉದ್ದ ಇರಬೇಕಾಯಿತು. ನನ್ನ ಮಕ್ಕಳು ಅಳೆದ ಒಂದು ರ್‍ಯಾಂಪು 60 ಸೆಂಟಿಮೀಟರ್ ಇತ್ತು, ಅಂದರೆ 1:4. ಏಳನೇ ತರಗತಿಯ ಹುಡುಗಿಯೊಬ್ಬಳು ನಂಬದೆ ಮೂರು ಸಲ ಅಳೆದಳು. ಆಮೇಲೆ ಕೇಳಿದಳು: "ಮೇಡಂ, ಇದನ್ನು ಕಟ್ಟಿದ ಮೇಲೆ ಯಾರೂ ಬಂದು ನೋಡಲಿಲ್ವಾ?" ನನ್ನ ಪುಸ್ತಕದಲ್ಲಿ ಆ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಕಾಮಗಾರಿಯ ಗುಣಮಟ್ಟ ಪರಿಶೀಲನೆ ಎಂಬುದು ಒಂದು ವೃತ್ತಿ, ಅವಳು ಆಗಲೇ ಅದರೊಳಗೆ ಕಾಲಿಟ್ಟಿದ್ದಳು.

ಇಳಿಜಾರು ಅಳೆಯಲು ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು ಹನ್ನೆರಡು ಮೀಟರಿನಷ್ಟು ತನ್ನಿ. ಗುಳ್ಳೆ ಉಳಿಯದಂತೆ ಬಣ್ಣದ ನೀರು ತುಂಬಿ. ಹತ್ತು ಮೀಟರ್ ದೂರದಲ್ಲಿ ನೇರವಾಗಿ ನಿಲ್ಲಿಸಿದ ಎರಡು ಕೋಲುಗಳಿಗೆ ಎರಡು ತುದಿಗಳನ್ನು ಹಿಡಿಯಿರಿ. ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಈಗ ನೆಲದಿಂದ ನೀರಿನ ಮಟ್ಟದವರೆಗೆ ಅಳೆಯಿರಿ. ಒಂದು ಕಡೆ 92 ಸೆಂಟಿಮೀಟರ್, ಇನ್ನೊಂದು ಕಡೆ 107 ಬಂದರೆ, ಎರಡನೆಯ ಜಾಗ 15 ಸೆಂಟಿಮೀಟರ್ ತಗ್ಗಿನಲ್ಲಿದೆ ಎಂದರ್ಥ. ಕಣ್ಣಿಗೆ ಸಮತಟ್ಟಾಗಿ ಕಾಣುವ ಬೀದಿ ನೀರಿನ ಕಣ್ಣಿಗೆ ಹಾಗಿಲ್ಲ ಎಂದು ತಿಳಿಯುವ ಆ ಕ್ಷಣ ಮಕ್ಕಳ ಮುಖ ನೋಡುವಂತಿರುತ್ತದೆ. ಸಾಧ್ಯವಾದರೆ ಈ ದಿನ ಒಬ್ಬ ಮೇಸ್ತ್ರಿಯನ್ನೇ ಕರೆಸಿ. ರಸಮಟ್ಟ, ತೂಗುಗುಂಡು ಹಿಡಿಯುವುದನ್ನು ಅವರಷ್ಟು ಚೆನ್ನಾಗಿ ತೋರಿಸುವವರು ಬೇರೆ ಯಾರೂ ಇಲ್ಲ. ಊರು ಕಟ್ಟುವವರ ಮಾತು ಬಂದಾಗ ಮೇಸ್ತ್ರಿಗಳನ್ನು ಬಿಟ್ಟು ಮಾತಾಡುವುದು ತಪ್ಪು.

ಮಳೆಯ ಲೆಕ್ಕವೂ ಇಲ್ಲಿಯೇ ಬರಲಿ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಆಟದ ಅಂಗಳ 600 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 6,000 ಲೀಟರ್. ಅಷ್ಟೂ ನೀರು ಎಲ್ಲಿಗೆ ಹೋಯಿತು ಎಂದು ಕೇಳಿ, ಚರಂಡಿಯ ಜಾಡು ಹಿಡಿದು ನಡೆಸಿ. ಕೊಳಕು ಎಂದು ಮೂಗು ಮುಚ್ಚುವವರಿಗೆ ನಾನು ಲಂಡನ್ನಿನ ಕಥೆ ಹೇಳುತ್ತೇನೆ. 1854ರಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು, ಅಂದರೆ ರೋಗ ಬಂದದ್ದು ಆ ಪಂಪಿನ ಕೊಳಕು ನೀರಿನಿಂದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ತಿಗೇ ತಟ್ಟಿದ ಮೇಲೆ ಎಂಜಿನಿಯರ್ ಜೋಸೆಫ್ ಬ್ಯಾಝಲ್‌ಜೆಟ್ ಅಲ್ಲಿನ ದೊಡ್ಡ ಒಳಚರಂಡಿ ಜಾಲ ಕಟ್ಟಿದರು. ಒಬ್ಬರು ವೈದ್ಯರು, ಒಬ್ಬರು ಎಂಜಿನಿಯರ್. ಇಬ್ಬರೂ ನಗರ ಉಳಿಸಿದವರೇ.

ಕೂತು ನೋಡುವುದು

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ, ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ್ದೂ ಹೌದು. ಹದಿನೈದು ನಿಮಿಷ ಒಂದೇ ಕಡೆ ಕೂತು ಎಣಿಸಬೇಕು. ಎಷ್ಟು ಜನ ನಡೆದರು, ಎಷ್ಟು ಜನ ಸೈಕಲ್ಲಿನಲ್ಲಿ, ಎಷ್ಟು ಜನ ನಿಂತು ಮಾತಾಡಿದರು, ಎಲ್ಲಿ ಕೂತರು. ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದರು. ಜನ ಕೂರುವುದು ಕೂರಲು ಜಾಗ ಇರುವ ಕಡೆ ಎಂಬ ಸರಳ ಸತ್ಯ ಅವರಿಗೆ ಸಿಕ್ಕಿತು. ಸರಿಸಬಹುದಾದ ಕುರ್ಚಿ ಇಟ್ಟರೆ ಜನ ಕೂರುವ ಮುಂಚೆ ಅದನ್ನು ಒಂಚೂರು ಸರಿಸಿಯೇ ಕೂರುತ್ತಾರೆ ಎಂಬುದನ್ನೂ ಅವರು ಗಮನಿಸಿದರು. ನಿಮ್ಮ ಮಕ್ಕಳಿಗೂ ಇಂಥದ್ದು ಕಾಣುತ್ತದೆ. ಹುಲ್ಲಿನ ಮೇಲೆ ಸವೆದ ಕಾಲುದಾರಿ ಕಂಡರೆ ಅದನ್ನು ನಕ್ಷೆಯಲ್ಲಿ ಬರೆಸಿ. ಜನ ಯಾವ ದಾರಿ ಬಯಸಿದ್ದರು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ದಾಖಲೆ ಇಲ್ಲ.

ಸಿಗ್ನಲ್ ಇದ್ದರೆ ನಿಲ್ಲುಗಡಿಯಾರ ಹಿಡಿಯಿರಿ. ರಸ್ತೆಯ ಅಗಲ 14 ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರು ಸುಮಾರು 12 ಸೆಕೆಂಡಿನಲ್ಲಿ ದಾಟುತ್ತಾರೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಹದಿನೇಳೂವರೆ ಸೆಕೆಂಡ್ ಬೇಕು. ಸಿಗ್ನಲ್ ಎಷ್ಟು ಹೊತ್ತು ಕೊಡುತ್ತಿದೆ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದ ಒಂದು ದಾಟುದಾರಿಯಲ್ಲಿ ಈ ಅಜ್ಜಿಯ ಲೆಕ್ಕ ಇರಲಿಲ್ಲ. ಕಟ್ಟಿದ ಮೇಲೆ ಅಲ್ಲಿ ನಿಂತು ನೋಡಿದಾಗ, ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ವೃದ್ಧೆಯ ಕಣ್ಣಿನ ಗಾಬರಿ ಕಂಡೆ. ಅದನ್ನು ಮಕ್ಕಳಿಗೆ ಪ್ರತಿ ವರ್ಷವೂ ಹೇಳುತ್ತೇನೆ.

ಬರೆಯುವುದು, ಕಟ್ಟುವುದು

1:100 ಅಳತೆಯಲ್ಲಿ ಶುರು ಮಾಡಿ. ಕಾಗದದ ಒಂದು ಸೆಂಟಿಮೀಟರ್ ಬೀದಿಯ ಒಂದು ಮೀಟರ್, ಹಾಗಾಗಿ 200 ಮೀಟರಿನ ಬೀದಿ ಎರಡು ಮೀಟರ್ ಉದ್ದದ ಹಾಳೆಯಲ್ಲಿ ಕೂರುತ್ತದೆ. ಹಳೆಯ ರಟ್ಟಿನಲ್ಲಿ ಮಾದರಿ ಕಟ್ಟುವಾಗ ಮೊದಲು ಮನುಷ್ಯರನ್ನು ಕತ್ತರಿಸಿ ನಿಲ್ಲಿಸಲಿ, ಒಂದೂವರೆ ಸೆಂಟಿಮೀಟರಿಗಿಂತ ತುಸು ಎತ್ತರ. ಮನುಷ್ಯರು ಮೊದಲು ಬಂದರೆ ಕಟ್ಟಡಗಳು ತಮ್ಮ ಅಳತೆ ಮೀರುವುದಿಲ್ಲ. ಕಟ್ಟಡ ಮೊದಲು ಬಂದರೆ ಮಕ್ಕಳು ಗೋಪುರ ಕಟ್ಟುವುದರಲ್ಲೇ ಮುಳುಗಿಬಿಡುತ್ತಾರೆ.

ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟುತ್ತೇನೆ ಎನ್ನುವವರನ್ನು ತಡೆಯಬೇಡಿ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಲ್ಲಿ ಶುರುವಾದ ಬ್ಲಾಕ್ ಬೈ ಬ್ಲಾಕ್ ಯೋಜನೆಯಲ್ಲಿ ಜನರು ತಮ್ಮ ಬಡಾವಣೆಯ ಮೈದಾನ, ಚೌಕಗಳನ್ನು ಅದೇ ಕಂಪ್ಯೂಟರ್ ಆಟದಲ್ಲಿ ವಿನ್ಯಾಸ ಮಾಡುವಂತೆ ಮಾಡಿದೆ. ನನ್ನ ಷರತ್ತು ಒಂದೇ: ಅಳೆದ ಬೀದಿಯನ್ನು ಅಳೆದಂತೆಯೇ ಕಟ್ಟಬೇಕು, ಬದಲಾವಣೆ ಆಮೇಲೆ.

ಜಗಳ

ಏಳನೇ ಶನಿವಾರದ ಹೊತ್ತಿಗೆ ಪ್ರತಿ ತಂಡಕ್ಕೂ ಅಂಗಿಯ 20 ಗುಂಡಿಗಳನ್ನು ಹಣದ ಹಾಗೆ ಖರ್ಚು ಮಾಡಲು ಕೊಡುತ್ತೇನೆ. ಮರ ನೆಟ್ಟರೆ ಒಂದು ಗುಂಡಿ, ಬೆಂಚಿಗೆ ಒಂದು, ರ್‍ಯಾಂಪಿಗೆ ಎರಡು, ದಾಟುದಾರಿಗೆ ನಾಲ್ಕು, ಚರಂಡಿ ಸರಿಪಡಿಸಲು ಎಂಟು. ಬೀದಿಗೆ ಬೇಕೆನಿಸಿದಷ್ಟು ಮರ, ಬೆಂಚು, ದಾಟುದಾರಿ ಎಲ್ಲವನ್ನೂ ಮಾಡಲು ಗುಂಡಿ ಸಾಲುವುದಿಲ್ಲ. ಒಬ್ಬರು ಅಂಗಡಿಯವರಾಗಿ, ಒಬ್ಬರು ಬಸ್ ಚಾಲಕರಾಗಿ, ಒಬ್ಬರು ಕಣ್ಣು ಕಾಣದವರಾಗಿ, ಒಬ್ಬರು ಎಳೆಗೂಸಿನ ತಾಯಿಯಾಗಿ ಕೂತು ವಾದಿಸಬೇಕು. ಗದ್ದಲ ಆಗುತ್ತದೆ, ಆಗಲಿ. ನಗರಗಳ ತೀರ್ಮಾನಗಳು ನಿಜವಾಗಿಯೂ ಹೀಗೇ ಆಗುವುದು. ಜೇನ್ ಜೇಕಬ್ಸ್ ಪತ್ರಕರ್ತೆಯಾಗಿದ್ದರು, ನಗರ ಯೋಜನೆಯ ಪದವಿ ಅವರಿಗಿರಲಿಲ್ಲ. ಆದರೂ ನ್ಯೂಯಾರ್ಕಿನ ಕೆಳ ಮ್ಯಾನ್‌ಹಟನ್ನನ್ನು ಸೀಳಿಕೊಂಡು ಹೋಗಬೇಕಿದ್ದ ಹೆದ್ದಾರಿ ನೆಲಕ್ಕಿಳಿಯದಂತೆ ತಡೆದ ಹೋರಾಟದ ಮುಂಚೂಣಿಯಲ್ಲಿ ಅವರಿದ್ದರು.

ಪುಸ್ತಕ ತೆರೆಯುವ ದಿನ

ಒಂಬತ್ತನೇ ವಾರ ಪ್ರತಿ ಮಗುವನ್ನೂ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು, ನಾನು ಬರೆದಿಟ್ಟದ್ದನ್ನು ಓದಿ ಹೇಳುತ್ತೇನೆ. "ನೀನು ಮೂರು ಸಲ ಅಳೆದೆ. ನೀನು ಗುಂಡಿ ಹಂಚುವಾಗ ಎರಡೂ ಕಡೆಯವರನ್ನು ಒಪ್ಪಿಸಿದೆ. ನೀನು ಅಳತೆಯ ದಿನ ಬೇಸರಪಟ್ಟೆ, ಮರಗಳ ಹೆಸರು ಕೇಳುತ್ತಲೇ ಇದ್ದೆ." ಆಮೇಲೆ ಹೆಸರುಗಳು ಬರುತ್ತವೆ. ಮರ, ನೀರು, ನೆಲದ ಕಡೆ ಎಳೆತವಿದ್ದವರಿಗೆ ಭೂದೃಶ್ಯ ವಿನ್ಯಾಸ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಕ್ಯಾಲ್ವರ್ಟ್ ವಾಕ್ಸ್ ಜೊತೆ ವಿನ್ಯಾಸ ಮಾಡಿ 1858ರ ಸ್ಪರ್ಧೆ ಗೆದ್ದ ಫ್ರೆಡರಿಕ್ ಓಲ್ಮ್‌ಸ್ಟೆಡ್ ಅದಕ್ಕೆ ಮುಂಚೆ ಬೇಸಾಯ ಮಾಡಿದ್ದರು, ಪತ್ರಿಕೆಗೆ ಬರೆದಿದ್ದರು. ಎಣಿಕೆಯ ಅಂಕಿಗಳನ್ನು ಬಣ್ಣ ಹಾಕಿ ಜೋಡಿಸಿದವರಿಗೆ ಸಾರಿಗೆ ಯೋಜನೆ, ಇಲ್ಲವೇ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಮಾಹಿತಿ ಜೋಡಿಸುವ ಕೆಲಸ. ಗೋಜಲನ್ನು ಸರಳ ಚಿತ್ರ ಮಾಡುವವರಿಗೆ ನಾನು ಹ್ಯಾರಿ ಬೆಕ್ ಬಗ್ಗೆ ಹೇಳುತ್ತೇನೆ. ಲಂಡನ್ ಸುರಂಗ ರೈಲಿನ ನಕ್ಷೆಯನ್ನು ನೇರ ಗೆರೆಗಳಲ್ಲಿ ಬರೆದ ಅವರು ವಿದ್ಯುತ್ ಸರ್ಕ್ಯೂಟ್‌ಗಳ ಚಿತ್ರ ಬರೆಯುತ್ತಿದ್ದ ನಕ್ಷೆಗಾರ. ಆ ನಕ್ಷೆ 1933ರಲ್ಲಿ ಜನರ ಕೈಗೆ ಬಂತು.

ಇನ್ನೊಬ್ಬರ ಕಷ್ಟವನ್ನೇ ಮತ್ತೆ ಮತ್ತೆ ಎತ್ತುವ ಮಕ್ಕಳಿರುತ್ತಾರೆ. ಅವರು ತಮಗೆ ಗಣಿತ ಬಾರದು, ಈ ಕೆಲಸ ತಮಗಲ್ಲ ಎಂದುಕೊಂಡಿರುತ್ತಾರೆ. ಅವರನ್ನು ಕಳೆದುಕೊಳ್ಳಬೇಡಿ. ನಿಲ್ದಾಣಗಳಲ್ಲಿ ಕಾಣುವ ಉಬ್ಬುಗಳಿರುವ ಹಳದಿ ಹಾಸನ್ನು ತೋರಿಸಿ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಅದನ್ನು ರೂಪಿಸಿದ್ದು ದೃಷ್ಟಿ ಕಳೆದುಕೊಳ್ಳುತ್ತಿದ್ದ ಸ್ನೇಹಿತನಿಗಾಗಿ. 1967ರಲ್ಲಿ ಒಕಾಯಾಮಾದಲ್ಲಿ ಅಂಧರ ಶಾಲೆಯ ಹತ್ತಿರ ಮೊದಲು ಹಾಸಿದರು. ಒಬ್ಬ ಸ್ನೇಹಿತನ ಮೇಲಿನ ಕಾಳಜಿ ಇವತ್ತು ಎಷ್ಟೋ ದೇಶಗಳ ನೆಲದ ಮೇಲಿದೆ.

ಓದಿನ ಬಗ್ಗೆ ಪೋಷಕರು ಕೇಳಿಯೇ ಕೇಳುತ್ತಾರೆ. ಈ ವಯಸ್ಸಿಗೆ ಅನುಪಾತ, ಕ್ಷೇತ್ರಫಲ, ಸ್ಪಷ್ಟವಾಗಿ ಬರೆಯುವುದು, ಕೈಯಲ್ಲಿ ಚಿತ್ರ ಬಿಡಿಸುವುದು ಗಟ್ಟಿಯಾದರೆ ಸಾಕು. ವೃತ್ತಿಯನ್ನು ಈಗಲೇ ಆರಿಸಿ ಬೀಗ ಹಾಕುವುದು ಬೇಡ.

ಹತ್ತನೇ ವಾರ ಈ ಕೆಲಸಗಳಲ್ಲಿ ಇರುವ ಒಬ್ಬರನ್ನು ಕರೆಸುತ್ತೇನೆ. ಭಾಷಣ ಬೇಡ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಮಕ್ಕಳು ತಮ್ಮ ನಕ್ಷೆಯನ್ನು ನೆಲದ ಮೇಲೆ ಹಾಸುತ್ತಾರೆ, ಬಂದವರೂ ನೆಲದ ಮೇಲೇ ಕೂರುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ವಾರವೇ ಬರೆಸಿರುತ್ತೇನೆ: ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ? ನೀವು ಬರೆದದ್ದು ಕಟ್ಟಿ ಮುಗಿಯಲು ಎಷ್ಟು ವರ್ಷ ಹಿಡಿಯಿತು? ಕಟ್ಟಿದ ಮೇಲೆ ಅಲ್ಲಿಗೆ ಹೋಗಿ ನೋಡಿದಿರಾ? ಈ ಕೊನೆಯ ಪ್ರಶ್ನೆ ರ್‍ಯಾಂಪು ಅಳೆದ ಹುಡುಗಿಯದು. ಅವಳು ಆ ಗುಂಪು ಬಿಟ್ಟು ಹೋಗಿ ವರ್ಷಗಳಾದರೂ ಪಟ್ಟಿಯಿಂದ ಅದನ್ನು ತೆಗೆದಿಲ್ಲ.