ಸ್ಟ್ಯಾಟ್-2 ಎಲ್ಲಿ ಹೋಯಿತು? ಡೆಂಗಿ ವೈರಸ್ ಜೊತೆ ನನ್ನ ಅನುಭವ

ಸ್ಟ್ಯಾಟ್-2 ಎಂಬುದು ವೈರಸ್ ವಿರುದ್ಧ ನಮ್ಮ ಜೀವಕೋಶದ ರಕ್ಷಣೆಯನ್ನು ಎಬ್ಬಿಸುವ ಒಂದು ಪ್ರೋಟೀನ್; ಡೆಂಗಿ ವೈರಸ್ ಅದನ್ನು ಹೇಗೆ ಮಾಯ ಮಾಡುತ್ತದೆ ಎಂದು ನೋಡಿದ ಕಥೆ ಇದು. ಡೆಂಗಿ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸುವುದು ಕಷ್ಟವೇನಲ್ಲ. ಹೆಚ್ಚಾಗಿ ಬಳಸುವುದು ಎರಡು ಬಗೆಯ ಜೀವಕೋಶಗಳನ್ನು. ಒಂದು ವೆರೋ, ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ತೆಗೆದದ್ದು. ಇನ್ನೊಂದು ಸಿ6/36, ಪುಣೆಯಲ್ಲಿ ಕೆ.ಆರ್.ಪಿ. ಸಿಂಗ್ 1967ರಲ್ಲಿ ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯಿಂದ ಬೆಳೆಸಿದ ಕೋಶಗಳ ಒಂದು ಕವಲು. ಎರಡರಲ್ಲೂ ವೈರಸ್ ಹುಲುಸಾಗಿ ಬರುತ್ತದೆ, ಯಾಕೆಂದರೆ ಎರಡರಲ್ಲೂ ಕಾವಲು ಕೆಟ್ಟಿದೆ. ವೆರೋದಲ್ಲಿ ಟೈಪ್-1 ಇಂಟರ್ಫೆರಾನ್, ಅಂದರೆ ಸೋಂಕಿನ ಎಚ್ಚರಿಕೆ ಸಾರುವ ಪ್ರೋಟೀನ್, ತಯಾರಿಸುವ ಜೀನ್‌ಗಳೇ ಇಲ್ಲ. ಸಿ6/36ರಲ್ಲಿ ವೈರಸ್ಸಿನ ಆರ್‌ಎನ್‌ಎ ಕತ್ತರಿಸಬೇಕಾದ ಡೈಸರ್-2 ಎಂಬ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ.

ವೈರಸ್ ಬೇಕಾದಷ್ಟು ಸಿಗಲಿ ಎನ್ನುವವರಿಗೆ ಇದು ಅನುಕೂಲ. ದೇಹದ ಸಹಜ ರಕ್ಷಣೆಯಿಂದ ಅದು ಹೇಗೆ ನುಣುಚಿಕೊಳ್ಳುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ರಕ್ಷಣೆಯೇ ಇಲ್ಲದ ಕಡೆ ನುಣುಚಿಕೊಳ್ಳುವುದನ್ನು ನೋಡುವುದೆಲ್ಲಿಂದ ಬಂತು? ಹಾಗಾಗಿ ವೈರಸ್ ಬೆಳೆಸಿದ್ದು ಸಿ6/36ರಲ್ಲಿ, ಪರೀಕ್ಷೆ ಮಾಡಿದ್ದು ಎ549 ಎಂಬ ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ. ಇವಕ್ಕೆ ಇಂಟರ್ಫೆರಾನ್ ತಯಾರಿಸಲೂ ಬರುತ್ತದೆ, ಅದರ ಮಾತು ಕೇಳಲೂ ಬರುತ್ತದೆ.

ಇಂಟರ್ಫೆರಾನ್ 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದದ್ದು. ಸೋಂಕು ತಗುಲಿದ ಕೋಶ ಅದನ್ನು ಹೊರಬಿಡುತ್ತದೆ. ಪಕ್ಕದ ಕೋಶದ ಮೇಲ್ಮೈಗೆ ಅದು ತಾಕಿದಾಗ ಒಳಗೆ ಸ್ಟ್ಯಾಟ್-1, ಸ್ಟ್ಯಾಟ್-2 ಎಂಬ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿ, ಅವು ಜೊತೆಯಾಗಿ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ಡೆಂಗಿ ಇದರಲ್ಲಿ ಸ್ಟ್ಯಾಟ್-2ಕ್ಕೇ ಕೈ ಹಾಕುತ್ತದೆ. ಕೈ ಹಾಕುವುದು ಎನ್‌ಎಸ್5, ವೈರಸ್ಸಿನ ಹತ್ತು ಪ್ರೋಟೀನ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ವೈರಸ್ಸಿನ ಆರ್‌ಎನ್‌ಎ ನಕಲು ಮಾಡುವುದೂ ಅದೇ, ಆ ಆರ್‌ಎನ್‌ಎ ಕೋಶದ ಸ್ವಂತದ್ದೇ ಎಂದು ಕಾಣುವ ಹಾಗೆ ತುದಿಗೆ ಟೋಪಿ ತೊಡಿಸಿ ಗುರುತು ಹಾಕುವುದೂ ಅದೇ.

ಸೋಂಕು ಹಾಕಿದ ಮರುದಿನ ಪ್ಲೇಟಿಗೆ ಅರ್ಧ ಗಂಟೆ ಇಂಟರ್ಫೆರಾನ್ ಕೊಟ್ಟು, ಕೋಶಗಳನ್ನು ಐಸ್ ಮೇಲೆ ಒಡೆದು, ವೆಸ್ಟರ್ನ್ ಬ್ಲಾಟ್ (ಯಾವ ಪ್ರೋಟೀನ್ ಎಷ್ಟಿದೆ ಎಂದು ಪಟ್ಟಿಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ, ತೋರಿಸುವ ಪರೀಕ್ಷೆ) ಓಡಿಸಿದೆ. ಸೋಂಕಿಲ್ಲದ ಲೇನ್‌ನಲ್ಲಿ ಸ್ಟ್ಯಾಟ್-2ರ ಬ್ಯಾಂಡ್ ಗಟ್ಟಿಯಾಗಿತ್ತು, ಸೋಂಕಿನ ಲೇನ್‌ನಲ್ಲಿ ಮಸುಕು. "ಹೋಯ್ತಲ್ಲ ಅಕ್ಕಾ, ಮುಗೀತಲ್ಲ?" ಅಂದ ಪಕ್ಕದ ಬೆಂಚಿನ ಹುಡುಗ. ನನಗೆ ಮುಗಿದಂತೆ ಕಾಣಲಿಲ್ಲ. ಬ್ಯಾಂಡ್ ಮಸುಕಾಗಲು ಕಾರಣ ಬೇಕಾದಷ್ಟು: ಕೋಶ ಸಾಯುತ್ತಿರಬಹುದು, ಸ್ಯಾಂಪಲ್ ಕಡಿಮೆ ಬಿದ್ದಿರಬಹುದು, ಪ್ರೋಟೀನ್ ತಯಾರಾಗುವುದೇ ನಿಂತಿರಬಹುದು. ಸ್ಯಾಂಪಲ್ ಸಮ ಬಿದ್ದಿದೆಯೇ ಎಂದು ತಿಳಿಯಲು ನೋಡುವ ಆಕ್ಟಿನ್ ಎಂಬ ಪ್ರೋಟೀನ್ ಸಮವಾಗಿತ್ತು. ಅದಕ್ಕಿಂತ ಮುಖ್ಯವಾಗಿ ಸ್ಟ್ಯಾಟ್-1 ಕದಲದೆ ಕೂತಿತ್ತು. ಕೋಶವೇ ಕುಸಿಯುತ್ತಿದ್ದರೆ ಸ್ಟ್ಯಾಟ್-1ನ್ನು ಮಾತ್ರ ಬಿಟ್ಟು ಕುಸಿಯುವುದಿಲ್ಲ. ಸ್ಟ್ಯಾಟ್-2 ತಯಾರಿಸುವ ಸೂಚನೆ ಹೊತ್ತ ಎಂಆರ್‌ಎನ್‌ಎ ಅಳೆದೆ, ಅದು ಕಡಿಮೆಯಾಗಿರಲಿಲ್ಲ. ಕೊನೆಗೆ, ಬೇಡದ ಪ್ರೋಟೀನ್‌ಗಳನ್ನು ಚೂರು ಮಾಡುವ ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಎಂಬ ರಾಸಾಯನಿಕ ಕೊಟ್ಟು ನೋಡಿದೆ, ಬ್ಯಾಂಡ್ ಬಹುಮಟ್ಟಿಗೆ ವಾಪಸ್ ಬಂತು. (ಎಂಜಿ132 ಹೆಚ್ಚು ಹೊತ್ತು ಇಟ್ಟರೆ ಕೋಶಗಳು ತಾವೇ ಸಾಯುತ್ತವೆ, ಕೆಲವೇ ಗಂಟೆ ಸಾಕು.) ಅಂದರೆ ಕೋಶದ ಕಸ ವಿಲೇವಾರಿ ವ್ಯವಸ್ಥೆಗೇ ಸ್ಟ್ಯಾಟ್-2ನ್ನು ಕಸವೆಂದು ತೋರಿಸಿಕೊಡಲಾಗುತ್ತಿದೆ.

ಆದರೂ ಬ್ಲಾಟ್ ಪೂರ್ತಿ ಕಥೆ ಹೇಳುವುದಿಲ್ಲ. ಅದು ಲಕ್ಷಾಂತರ ಕೋಶಗಳ ಸರಾಸರಿ. ಸ್ಟ್ಯಾಟ್-2 ತಾನೇ ಇಂಟರ್ಫೆರಾನ್ ಎಬ್ಬಿಸುವ ಜೀನ್‌ಗಳಲ್ಲೊಂದು. ಸೋಂಕು ತಗುಲದ ನೆರೆಯ ಕೋಶಗಳು ಎಚ್ಚರಗೊಂಡು ಅದನ್ನು ಇನ್ನಷ್ಟು ತಯಾರಿಸುತ್ತವೆ, ಸರಾಸರಿಯಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಅರ್ಧ ಕೋಶಗಳಿಗೆ ಮಾತ್ರ ಸೋಂಕು ತಗುಲುವಷ್ಟು ವೈರಸ್ ಹಾಕಿ, ಕವರ್‌ಸ್ಲಿಪ್ ಮೇಲೆ ಬಣ್ಣ ಕಟ್ಟಿದೆ: ವೈರಸ್ಸಿಗೆ ಹಸಿರು, ಸ್ಟ್ಯಾಟ್-2ಕ್ಕೆ ಕೆಂಪು, ಕೋಶಕೇಂದ್ರಕ್ಕೆ ನೀಲಿ. ಹಸಿರಿಲ್ಲದ ಕೋಶಗಳಲ್ಲಿ ಕೆಂಪು ಪೂರ್ತಿ ಕೇಂದ್ರದೊಳಕ್ಕೆ ಹೋಗಿ ಗುಂಡಗೆ ತುಂಬಿತ್ತು. ಅದಕ್ಕೆ ತಾಗಿಕೊಂಡೇ ಇದ್ದ ಹಸಿರು ಕೋಶದಲ್ಲಿ ಕೇಂದ್ರ ಬರೀ ನೀಲಿ. ಒಂದೇ ಇಂಟರ್ಫೆರಾನ್, ಒಂದೇ ಅರ್ಧ ಗಂಟೆ. ಈ ಕೆಲಸಕ್ಕೆ ಇಳಿಯುವವರು ಬ್ಲಾಟಿಗಿಂತ ಮೊದಲು ಇದನ್ನೇ ಮಾಡಲಿ ಎಂಬುದು ನನ್ನ ಅಭಿಪ್ರಾಯ.

ಇದು ಎನ್‌ಎಸ್5ದೇ ಕೆಲಸ ಎಂದು ತೋರಿಸಲು ವೈರಸ್ಸನ್ನು ಬಿಟ್ಟು ಆ ಪ್ರೋಟೀನನ್ನಷ್ಟೇ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಕೋಶಕ್ಕೆ ಕೊಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹಾಗೇ ಕೊಟ್ಟ ಎನ್‌ಎಸ್5 ಸ್ಟ್ಯಾಟ್-2ಕ್ಕೆ ಅಂಟುತ್ತದೆಯೇ ಹೊರತು ಅದನ್ನು ನಾಶ ಮಾಡಿಸುವುದಿಲ್ಲ. ಸೋಂಕಿನಲ್ಲಿ ಎನ್‌ಎಸ್5 ವೈರಸ್ಸಿನ ಪ್ರೋಟೀನ್‌ಗಳೆಲ್ಲ ಒಂದಾಗಿರುವ ಉದ್ದನೆಯ ಸರಪಳಿಯಿಂದ ಕತ್ತರಿಸಿಕೊಂಡು ಹೊರಬರುವುದರಿಂದ, ಹೊಸ ಪ್ರೋಟೀನ್ ಶುರುವಾಗುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಅದರ ಮುಂದಿನ ತುದಿಯಲ್ಲಿ ಇರುವುದಿಲ್ಲ. ಆ ತುದಿ ಹಾಗೇ ಇರಬೇಕು. ಇದನ್ನು 2009ರಲ್ಲೇ ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಶೋಧಕರು ತೋರಿಸಿದ್ದರು, ನಾನು ಅವರ ದಾರಿಯನ್ನೇ ಹಿಡಿದೆ: ಎನ್‌ಎಸ್5ರ ಮುಂದೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನ್ ಜೋಡಿಸಿದರೆ ಕೋಶದ ಕಿಣ್ವಗಳೇ ಅದನ್ನು ಕತ್ತರಿಸಿ ಸರಿಯಾದ ತುದಿ ಉಳಿಸುತ್ತವೆ. ಸ್ಟ್ಯಾಟ್-2 ಮಾಯ. ಪ್ರೋಟೀನ್ ಗುರುತಿಸಲು ಮುಂದಿನ ತುದಿಗೆ ಟ್ಯಾಗ್ ಹಾಕುವ ಅಭ್ಯಾಸವಿರುವವರು ಇಲ್ಲಿ ಅದನ್ನು ಹಿಂದಿನ ತುದಿಗೆ ಸಾಗಿಸಿಕೊಳ್ಳಿ.

ಇದೇ ಪ್ರಯೋಗ ಇಲಿಯ ಕೋಶಗಳಲ್ಲಿ ಫಲಿಸುವುದಿಲ್ಲ. ಇಲಿಯ ಸ್ಟ್ಯಾಟ್-2 ಎನ್‌ಎಸ್5ರ ಹಿಡಿತಕ್ಕೆ ಸಿಗುವುದಿಲ್ಲ, ಸಾಮಾನ್ಯ ಇಲಿಗೆ ಡೆಂಗಿ ಸರಿಯಾಗಿ ಹತ್ತದಿರಲು ಇದೂ ಒಂದು ಕಾರಣ. ಅದಕ್ಕೇ ಔಷಧಿ ಪರೀಕ್ಷೆಗೆ ಎಜಿ129 ಎಂಬ, ಇಂಟರ್ಫೆರಾನ್ ಬಂದು ತಾಕುವ ಗ್ರಾಹಕ ಪ್ರೋಟೀನ್‌ಗಳೇ ಇಲ್ಲದ ಇಲಿ ಬಳಸುತ್ತಾರೆ. ವೈರಸ್ಸಿನ ಸಂಖ್ಯೆ ಇಳಿಯಿತೇ ಎಂದು ಅದರಲ್ಲಿ ನೋಡಬಹುದು. ಎನ್‌ಎಸ್5 ಮತ್ತು ಸ್ಟ್ಯಾಟ್-2ರ ಹಿಡಿತ ಬಿಡಿಸುವ ಔಷಧಿಯನ್ನು ಪರೀಕ್ಷಿಸಲು ಅದು ಏನೇನೂ ಸಾಲದು. ಮನುಷ್ಯರ ಸ್ಟ್ಯಾಟ್-2 ಹೊತ್ತ ಇಲಿಯನ್ನು ಝಿಕಾ ವೈರಸ್ಸಿಗಾಗಿ 2018ರಲ್ಲಿ ಮಾಡಿದ್ದಾರೆ. ಅಲ್ಲೂ ಎನ್‌ಎಸ್5 ಹಿಡಿಯುವುದು ಸ್ಟ್ಯಾಟ್-2ನ್ನೇ.